ಎಂಟು ಫ್ಲ್ಯಾಟು, ಒಂದು ಚೊಂಬು ನೀರು: ಬಸವನಗುಡಿಯ ನಮ್ಮ ಹೊಸ ಮನೆ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 2 ಸ್ಟಾರ್. ಒಂದು ಲಿಫ್ಟಿಗೆ, ಇನ್ನೊಂದು ಜಾಗಕ್ಕೆ. ಆ ಜಾಗವೂ ಬಿಲ್ಡರ್ ಕೊಟ್ಟಿದ್ದಲ್ಲ, ನಮ್ಮದೇ. ಬಿಲ್ಡರ್ ಹೆಸರು ಹಾಕುತ್ತಿಲ್ಲ. ಅವರಿಂದ ಇನ್ನೂ ಕೆಲಸ ಆಗಬೇಕಿದೆ.

ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ಹತ್ತಿರ, 50×80 ಅಡಿ ಸೈಟು. ಅದರಲ್ಲಿ ತಾತ 1936ರಲ್ಲಿ ಕಟ್ಟಿಸಿದ ಮನೆ ಇತ್ತು. ಅಪ್ಪ ಹೋದ ಮೇಲೆ ಅಮ್ಮ, ನಾವು ಮೂವರು ಮಕ್ಕಳು ಕೂತು ಮಾತಾಡಿ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟೆವು, ಅಂದರೆ ಜಾಗ ನಮ್ಮದು, ಕಟ್ಟುವುದು ಬಿಲ್ಡರ್, ಫ್ಲ್ಯಾಟು ಹಂಚಿಕೊಳ್ಳುವುದು. ಒಟ್ಟು 8 ಫ್ಲ್ಯಾಟು, 4 ನಮಗೆ, 4 ಬಿಲ್ಡರಿಗೆ. 18 ತಿಂಗಳು ಅಂದಿದ್ದು 31 ತಿಂಗಳಾಯಿತು. ಅದನ್ನೇನೂ ದೊಡ್ಡ ದೂರು ಮಾಡುವುದಿಲ್ಲ. ತಡ ಆದರೂ ಪರವಾಗಿಲ್ಲ, ಮನೆ ಗಟ್ಟಿ ಆಗುತ್ತಲ್ಲ ಅಂದುಕೊಂಡಿದ್ದೆವು.

ಹಳೆ ಮನೆ ಸ್ವರ್ಗವಾಗಿತ್ತು ಅಂತಲೂ ಅಲ್ಲ. ಬಚ್ಚಲು ಹಿತ್ತಲಿನಲ್ಲಿತ್ತು. ಕೋತಿಗಳು ಹೆಂಚು ಸರಿಸಿ ಹೋದರೆ ಆ ವರ್ಷ ಅಡುಗೆಮನೆ ತುಂಬಾ ಬಕೆಟ್ಟು, ಪಾತ್ರೆ. ಅಮ್ಮನಿಗೆ 84, ಮಂಡಿ ನೋವು. ರಾತ್ರಿ ಹಿತ್ತಲಿಗೆ ಹೋಗುವುದು ಅಂದರೆ ನನಗೇ ಭಯ. ಅದಕ್ಕೇ ಕೊಟ್ಟಿದ್ದು.

ಗೃಹಪ್ರವೇಶದ ದಿನವೇ ಮೊದಲ ಗುಟ್ಟು ಹೊರಗೆ ಬಂತು. ಹಾಲು ಉಕ್ಕಿಸಿದೆವು. ಉಕ್ಕಿದ ಹಾಲು ಕಟ್ಟೆಯ ಮೇಲೆ ಬಿತ್ತು. ಕಟ್ಟೆಯಿಂದ ಕೆಳಗೆ ಇಳಿಯಬೇಕಿತ್ತು, ಅಥವಾ ಸಿಂಕಿನ ಕಡೆ ಹೋಗಬೇಕಿತ್ತು, ಅಲ್ವಾ? ಅದು ನೆಟ್ಟಗೆ ಗೋಡೆಯ ಕಡೆ ಹೋಯಿತು. ಗ್ರಾನೈಟಿಗೂ ಗೋಡೆಯ ಟೈಲ್ಸಿಗೂ ನಡುವೆ ಒಂದು ಸಂದು. ಅದರೊಳಗೆ ಹಾಲು ಮಾಯ! ಪುರೋಹಿತರು "ಶುಭವೇ" ಅಂದರು. ನಾಲ್ಕು ದಿನ ಆದಮೇಲೆ ಅಡುಗೆಮನೆಯಲ್ಲಿ ಹುಳಿ ವಾಸನೆ. ಬೀರು ಬಿಚ್ಚಿ ನೋಡಿದರೆ ಪ್ಲೈವುಡ್ಡಿನ ಹಿಂದೆ ಹಾಲು ಒಡೆದು ಹೆಪ್ಪುಗಟ್ಟಿತ್ತು.

ಎರಡನೆಯದು ಬಾತ್‌ರೂಮು. ಅಮ್ಮ ಮೊದಲ ದಿನವೇ ಒಂದು ಚೊಂಬು ನೀರು ಸುರಿದು ನಿಂತು ನೋಡಿದರು. ನೀರು ಸ್ವಲ್ಪ ಹೊತ್ತು ಯೋಚಿಸಿ, ನಿಧಾನಕ್ಕೆ ಬಾಗಿಲ ಕಡೆ ಹೊರಟಿತು. "ನೀರು ಯಾವ ಕಡೆ ಹೋಗಬೇಕು ಅಂತಾನೂ ಗೊತ್ತಿಲ್ವೇನೇ ಇವರಿಗೆ?" ಅಂದರು. ದೂರು ಕೊಟ್ಟೆ. ಬಂದವರು ನೆಲ ಒಡೆದು ವಾಟ, ಅಂದರೆ ನೀರು ಹರಿಯುವ ಇಳಿಜಾರು, ಸರಿ ಮಾಡಲಿಲ್ಲ. ಬಾಗಿಲ ಅಡಿಗೆ ಒಂದೂವರೆ ಇಂಚಿನ ಗ್ರಾನೈಟ್ ಪಟ್ಟಿ ಅಂಟಿಸಿ ಹೋದರು. ನೀರು ನಿಂತಿತು, ನಿಜ. ಮೂರನೇ ದಿನ ಅದೇ ಪಟ್ಟಿ ಎಡವಿ ಅಮ್ಮ ಬಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಮಂಡಿ ನೋವಿಗೆ ಅಂತ ಬಂದ ಮನೆ ಇದು.

ಆಮೇಲೆ ಗೋಡೆ. ದೇವರ ಫೋಟೋಗೆ ಮೊಳೆ ಹೊಡೆದೆ. ಮೊಳೆ ನಿಲ್ಲಲಿಲ್ಲ, ಅಂಗೈಯಗಲದ ಪ್ಲಾಸ್ಟರ್ ಉದುರಿತು. ಕೈಯಲ್ಲಿ ಉಜ್ಜಿದರೆ ಹುರಿದ ರವೆಯ ಹಾಗೆ ಪುಡಿ ಪುಡಿ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಕಾರಣ ಅಂತ ಸುಮ್ನೆ ಬೈಯ್ಯಬೇಡಿ, ಎಂ ಸ್ಯಾಂಡಿನಲ್ಲೂ ಒಳ್ಳೆ ಗೋಡೆ ಎದ್ದಿರುವುದನ್ನು ನಮ್ಮ ತಂಗಿ ಮನೆಯಲ್ಲಿ ನೋಡಿದ್ದೇನೆ. ಇಲ್ಲಿ ಆಗಿದ್ದು ಬೇರೆ. ಸಿಮೆಂಟಿಗೆ ನೀರು ಕುಡಿಸಲಿಲ್ಲ. ಸಾಧಾರಣ ಸಿಮೆಂಟಿನ ಕಾಂಕ್ರೀಟನ್ನು ಕಡಿಮೆ ಅಂದರೂ 7 ದಿನ ಒದ್ದೆಯಾಗಿ ಇಡಬೇಕು, ಬೂದಿ ಬೆರೆಸಿದ ಸಿಮೆಂಟಾದರೆ 10 ದಿನ. ಗೋಡೆ, ಪ್ಲಾಸ್ಟರಿಗೂ ದಿನಾ ನೀರು ಬೇಕೇ ಬೇಕು. ನಮ್ಮ ಪ್ಲಾಸ್ಟರಿಂಗ್ ಆಗಿದ್ದು ಏಪ್ರಿಲ್ಲಿನಲ್ಲಿ. ಬೋರ್‌ವೆಲ್ ಬತ್ತಿತ್ತು. ಟ್ಯಾಂಕರ್ ನೀರಿಗೆ ದುಡ್ಡು ಕೊಡಬೇಕು. ನಾನು ಸಂಜೆ ಆ ಕಡೆ ಹೋದಾಗಲೆಲ್ಲ ವಾಚ್‌ಮನ್ ಪೈಪ್ ಹಿಡಿದು ಒಂದು ಸಲ ಚಿಮುಕಿಸುತ್ತಿದ್ದ. ಪೂಜೆಯಲ್ಲಿ ತೀರ್ಥ ಪ್ರೋಕ್ಷಣೆ ಮಾಡುತ್ತಾರಲ್ಲ, ಹಾಗೆ. ಪಾಪ, ಅವನಿಗೆ ಹೇಳಿದ್ದು ಅಷ್ಟೇ. ಗಾರೆ ಕೆಲಸದವರಿಗೆ ಚದರಡಿ ಲೆಕ್ಕದಲ್ಲಿ ಕೂಲಿ, ಬೇಗ ಮುಗಿಸಿದಷ್ಟೂ ಲಾಭ. ಅವರನ್ನೂ ಬೈಯ್ಯಲಾರೆ.

ಬೇಕಾದಾಗ ಕೊಡದ ನೀರು ಈಗ ಬೇಡದ ಕಡೆಯೆಲ್ಲ ಬರುತ್ತಿದೆ. ಮೊದಲ ಮಳೆಗೇ ಹಾಲ್‌ನ ಕಿಟಕಿ ಮೂಲೆಯಲ್ಲಿ ಕಂದು ಬಣ್ಣದ ನಕ್ಷೆ ಮೂಡಿತು. ಎರಡನೇ ಮಳೆಗೆ ಫ್ಯಾನಿನ ಸ್ವಿಚ್‌ಬೋರ್ಡಿನಿಂದ ನೀರು ತೊಟ್ಟಿಕ್ಕಿತು. ಮೇನ್ ಆಫ್ ಮಾಡಿ, ಹೊಸ ಮನೆಯಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಕೂತೆವು.

ಸೈಟ್ ಎಂಜಿನಿಯರ್ ಬಂದ. ಒಳ್ಳೆ ಹುಡುಗ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಕ್ಕಿಲ್ಲ. ಪಿಲ್ಲರ್ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ನೆಲದಿಂದ ಸೂರಿನವರೆಗೆ ನೆಟ್ಟಗೆ ಬಿರುಕು. "ಆಂಟಿ, ಇದು ಹೇರ್‌ಲೈನ್ ಅಷ್ಟೇ" ಅಂದ. ನಾನು ಬಸ್ ಪಾಸ್ ತೆಗೆದು ತೂರಿಸಿದೆ. ಅರ್ಧ ಒಳಗೆ ಹೋಯಿತು. "ನಿಮ್ಮ ಮನೇಲಿ ಯಾರ ಕೂದಲಪ್ಪಾ ಇಷ್ಟು ದಪ್ಪ?" ಅಂದೆ. ಅವನೇ ನಕ್ಕುಬಿಟ್ಟ. ಆ ಜಾಗದಲ್ಲಿ ಪ್ಲಾಸ್ಟರ್ ಮಾಡುವ ಮುಂಚೆ ಬಿರುಕು ಬಿಡದ ಹಾಗೆ ಕೋಳಿ ಜಾಲರಿ, ಅಂದರೆ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆ, ಬಡಿಯಬೇಕಿತ್ತು. ಒಂದು ಕಡೆ ಒಡೆದು ನೋಡಿದೆವು, ಜಾಲರಿ ಇರಲೇ ಇಲ್ಲ.

ಬ್ರೋಷರಿನಲ್ಲಿ ಮಾತ್ರ "ಹೆರಿಟೇಜ್ ಟಚ್" ಅಂತ ದೊಡ್ಡದಾಗಿ ಹಾಕಿದ್ದರು. ಹಳೆ ಮನೆಯ ಕಿಟಕಿಗಳ ಮೇಲೆ ಮರದ ಮಂಕಿ ಟಾಪ್, ಅಂದರೆ ಚೂಪು ತುದಿಯ ಚಾಚು ಸೂರು, ಇತ್ತು. ಅದನ್ನೂ ತೇಗದ ಬಾಗಿಲುಗಳನ್ನೂ ಹಳೆ ಮರದ ವ್ಯಾಪಾರಿ ಲಾರಿ ತುಂಬಿಕೊಂಡು ಹೋದ. ಈಗ ಗೇಟಿನ ಮೇಲೆ ಅದರ ಆಕಾರದ ಫೈಬರ್ ತುಂಡು. ಒಳಗೆ ರೆಡ್ ಆಕ್ಸೈಡ್ ಬಣ್ಣದ ಟೈಲ್ಸು, ಕಾಸಿನಿಂದ ತಟ್ಟಿದರೆ ಹನ್ನೊಂದು ಕಡೆ ಟೊಳ್ಳು ಶಬ್ದ. ತಾತನ ನೆಲ ಎಂಬತ್ತು ವರ್ಷ ದಾಟಿಯೂ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮುಂಭಾಗದ ಮದ್ರಾಸ್ ತಾರಸಿಗೆ (ಮರದ ತೊಲೆಯ ಮೇಲೆ ಇಟ್ಟಿಗೆ ಜೋಡಿಸಿದ ಹಳೇ ಕಾಲದ ತಾರಸಿ) ಸುಣ್ಣದ ಗಾರೆ, ಅಳಲೆಕಾಯಿ ಮತ್ತು ಬೆಲ್ಲದ ನೀರು ಹಾಕಿ ಹೆಂಗಸರು ದಿನಗಟ್ಟಲೆ ಬಡಿದಿದ್ದರಂತೆ. ಅಮ್ಮನಿಗೆ ಅವರ ಅತ್ತೆ ಹೇಳಿದ್ದು. ಜೆಸಿಬಿಯವನು ಅದನ್ನು ಕೆಡವಲು ಎರಡು ದಿನ ಒದ್ದಾಡಿದ.

ಇನ್ನೊಂದು ಮಾತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಬಿಟ್ಟು, ಗಾಳಿ ಬೆಳಕು ಬೇಕು ಅಂತ ಜನ ಬಂದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ಅಗಲ ರಸ್ತೆ, ಮನೆ ಸುತ್ತ ಜಾಗ. ಈಗ ನನ್ನ ಬೆಡ್‌ರೂಮಿನ ಕಿಟಕಿಯಿಂದ ಕೈ ಚಾಚಿದರೆ ಪಕ್ಕದವರ ಎಸಿ ಡಬ್ಬ ಸಿಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಬೇಕು.

ಈ 8 ಫ್ಲ್ಯಾಟಿನ ಲೆಕ್ಕ ನನಗೆ ತಡವಾಗಿ ಅರ್ಥವಾಯಿತು. 2016ರ ರೇರಾ, ಅಂದರೆ ಬಿಲ್ಡರುಗಳ ಮೇಲೆ ನಿಗಾ ಇಡುವ ರಿಯಲ್ ಎಸ್ಟೇಟ್ ಕಾಯ್ದೆ, ಅದರ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟು 8 ಮೀರದಿದ್ದರೆ, ಬಿಲ್ಡರ್ ಆ ಪ್ರಾಜೆಕ್ಟನ್ನು ರೇರಾದಲ್ಲಿ ನೋಂದಣಿ ಮಾಡಿಸಬೇಕಿಲ್ಲ. ನಮ್ಮ 50×80 ಅಂದರೆ ಸುಮಾರು 372 ಚದರ ಮೀಟರ್. 60×80 ಆದರೂ 446. ಹಳೆ ಬಡಾವಣೆಗಳಲ್ಲಿ ಇಂಥ ಸೈಟುಗಳೇ ಜಾಸ್ತಿ. ಅದೇ ಕಾಯ್ದೆಯಲ್ಲಿ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದ ಲೋಪವನ್ನು ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿ ಮಾಡಬೇಕು ಅಂತಿದೆ. ನಮ್ಮ ಅಗ್ರಿಮೆಂಟಿನಲ್ಲಿ ಇರುವುದು 1 ವರ್ಷ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಸಾಲಪತ್ರ ಓದಿದವಳು ನಾನು. ನಮ್ಮದೇ ಪತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದೆ. ನೀವು ಕೊಡುವವರಿದ್ದರೆ ಆ 5 ವರ್ಷದ ಮಾತನ್ನು ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ. ಕೀ ತೆಗೆದುಕೊಳ್ಳುವ ದಿನ ವಾಟ ನೋಡಲು ಒಂದು ರಸಮಟ್ಟ, ಒಂದು ಕಾಸು, ಒಂದು ಚೊಂಬು ಒಯ್ಯಿರಿ. ಹೂವಿನ ಹಾರ ಆಮೇಲೆ ತಂದರಾಯಿತು.

ಲಿಫ್ಟ್ ಚೆನ್ನಾಗಿದೆ, ನಿಜವಾಗಿ. ಕರೆಂಟು ಹೋದರೂ ನಿಲ್ಲುವುದಿಲ್ಲ. ಅಮ್ಮ ದಿನಾ ಸಂಜೆ ಅದರಲ್ಲಿ ಇಳಿದು ಗಾಂಧಿ ಬಜಾರಿನಲ್ಲಿ ಹೂವು ತರುತ್ತಾರೆ. ಕಡಲೆಕಾಯಿ ಪರಿಷೆಗೂ ಈ ಸಲ ನಡೆದೇ ಹೋಗಿ ಬಂದರು.

ವಾಟರ್‌ಪ್ರೂಫಿಂಗ್‌ನವರು ಸೋಮವಾರ ಬರುತ್ತಾರಂತೆ. ಇದು ನಾಲ್ಕನೇ ಸೋಮವಾರ. ಸ್ವಿಚ್‌ಬೋರ್ಡಿಗೆ ಸದ್ಯಕ್ಕೆ ಹಾಲಿನ ಕವರ್ ಕಟ್ಟಿದ್ದೇನೆ.