ರಾತ್ರಿ ಕಯೋಟಿಗೆ ಈಡು ಹೊಡೆಯುವ ಮುಂಚೆ ಒಮ್ಮೆ ರಟ್ಟಿಗೆ ಹೊಡೆದು ನೋಡಿ

ಟೆಕ್ಸಾಸ್ ಕಡೆ ಇರುವ ನಮ್ಮವರು ಯಾರಾದರೂ ಈ ಚಳಿಗಾಲ ಕಯೋಟಿ (ನಮ್ಮ ನರಿಯಂಥ ಅಮೆರಿಕದ ಕಾಡುಪ್ರಾಣಿ) ಶಿಕಾರಿಗೆ ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ. ಊರಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಇಲ್ಲಿನ ಮಾತು. ಇಲ್ಲಿ ಲೈಸೆನ್ಸ್ ಮತ್ತು ಜಮೀನಿನವರ ಒಪ್ಪಿಗೆ ಇದ್ದರೆ ಖಾಸಗಿ ಜಾಗದಲ್ಲಿ ಕಯೋಟಿಯನ್ನು ರಾತ್ರಿಯೂ ಹೊಡೆಯಬಹುದು. ನಮ್ಮಲ್ಲಿ ನರಿಗೆ ಕೋವಿ ಎತ್ತಿದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸೇ.

ಪರಿಚಯದ ಹಿರಿಯರೊಬ್ಬರು ಆಡು ಸಾಕಿದ್ದಾರೆ. ಒಂದು ತಿಂಗಳಲ್ಲಿ ನಾಲ್ಕು ಮರಿ ಹೋದವು. ನಿನ್ನ ಹತ್ತಿರ 12 ಬೋರ್ ಕೋವಿ ಇದೆಯಲ್ಲ, ಬಾ ಅಂದರು. ನಾನು ಸಕಲೇಶಪುರದ ಕಡೆಯವನು, ಮನೆಯಲ್ಲಿ ಅಜ್ಜನ ಕಾಲದ ತೋಟಾ ಕೋವಿ ನೋಡಿಕೊಂಡೇ ಬೆಳೆದವನು, ಹಾಗಾಗಿ ಎಲ್ಲಾ ಗೊತ್ತು ಅನ್ನೋ ಜಂಬ ಬೇರೆ. ಅಂಗಡಿಗೆ ಹೋಗಿ ಡಬಲ್ ಆಟ್ ಬಕ್‌ಶಾಟ್ ಡಬ್ಬಿ ತಗೊಂಡೆ, ಒಳಗೆ ಐದು ತೋಟಾ. ಒಂದೊಂದರಲ್ಲಿ 9 ಗುಂಡು, ಗುಂಡಿನ ದಪ್ಪ 0.33 ಇಂಚು. ನಮ್ಮೂರಲ್ಲಿ ಎಸ್‌ಜಿ ಅಂತಾರಲ್ಲ, ಹೆಚ್ಚುಕಡಿಮೆ ಅದೇ. 60 ಗಜಕ್ಕೂ ಆರಾಮ ಸಾರ್ ಅಂದ ಅಂಗಡಿ ಹುಡುಗ. ನಾನೂ ತಲೆಯಾಡಿಸಿಕೊಂಡು ಬಂದೆ.

ರಾತ್ರಿ ಹತ್ತರ ಸುಮಾರಿಗೆ ಬೇಲಿ ಪಕ್ಕ ಕೂತು, ಮೊಲ ಕಿರುಚುವ ಸದ್ದು ಮಾಡಿ ಪ್ರಾಣಿಯನ್ನು ಹತ್ತಿರ ಕರೆಯುವ ಯಂತ್ರ, ಅಂದರೆ ಕಾಲರ್ ಹಾಕಿದೆವು. ಕಾಲು ಗಂಟೆ ಆಗಿರಬಹುದು, ಕೆಂಪು ಲೈಟಿಗೆ ಎರಡು ಕಣ್ಣು ಹೊಳೆದವು. ಕತ್ತಲಲ್ಲಿ ಕಣ್ಣು ಬಿಟ್ಟರೆ ಬೇರೇನೂ ಇಲ್ಲ. ಪಕ್ಕದಲ್ಲಿ ಮರ ಇಲ್ಲ, ಕಂಬ ಇಲ್ಲ, ದೂರ ಅಳೆಯೋಕೆ ಕಣ್ಣಿಗೆ ಒಂದು ಆಧಾರ ಇಲ್ಲ. ಅದು ಪಕ್ಕಕ್ಕೆ ತಿರುಗಿದಾಗ ಮೈ ಕಂಡಿತು, ಕಯೋಟಿಯೇ. 40 ಗಜ ಅಂತ ಮನಸ್ಸು ಹೇಳಿತು. ಹೊಡೆದೆ. ಕುಂಯ್ ಅಂತ ಒಂದು ಸದ್ದು, ಹಿಂದಿನ ಕಾಲು ಎಳೆದುಕೊಂಡು ಓಡಿಹೋಯಿತು.

ಬೆಳಿಗ್ಗೆ ದೂರ ಅಳೆಯುವ ರೇಂಜ್‌ಫೈಂಡರ್ ಇಟ್ಟು ನೋಡಿದರೆ 63 ಗಜ! ಮುಳ್ಳುತಂತಿಯಲ್ಲಿ ಒಂದು ಹಿಡಿ ಕೂದಲು, ಹುಲ್ಲಿನ ಮೇಲೆ ಅಲ್ಲಲ್ಲಿ ರಕ್ತದ ಹನಿ. ಹಳ್ಳದವರೆಗೆ ಜಾಡು ಹಿಡಿದು ಹೋದೆವು, ಆಮೇಲೆ ಸಿಗಲಿಲ್ಲ. ಸತ್ತಿದ್ದರೆ ಎಷ್ಟು ದಿನಕ್ಕೆ ಸತ್ತಿತೋ ಏನೋ. ಅಲ್ಲಿಂದ ವಾಪಸ್ ಬರುವಾಗ ಪಕ್ಕದ ಜಮೀನಿನವರ ಶೆಡ್ಡಿನ ತಗಡಲ್ಲಿ ಹೊಸ ತಗ್ಗು ಕಂಡಿತು, ಕೆಳಗೆ ಚಪ್ಪಟೆಯಾದ ಸೀಸದ ಗುಂಡು. ನಾನು ಕೂತಿದ್ದ ಜಾಗದಿಂದ 200 ಗಜದ ಮೇಲಿತ್ತು ಆ ಶೆಡ್ಡು. ಗುಂಡಿನ ದಪ್ಪವನ್ನು ಇಂಚಿನಲ್ಲಿ ತಗೊಂಡು 2200ರಿಂದ ಗುಣಿಸಿದರೆ, ನಳಿಗೆ ಎತ್ತಿ ಹೊಡೆದಾಗ ಅದು ಹೆಚ್ಚೆಂದರೆ ಎಷ್ಟು ಗಜ ಹಾರಬಹುದು ಅಂತ ಅಂದಾಜು ಸಿಗುತ್ತದೆ, ಹಳೇ ಲೆಕ್ಕ ಇದು. ಡಬಲ್ ಆಟ್‌ಗೆ 700 ಗಜ ದಾಟುತ್ತದೆ. ಸಾಯಿಸೋ ದೂರ ಬೇರೆ, ಹಾರೋ ದೂರ ಬೇರೆ. ಎರಡೂ ನನ್ನ ತಲೆಗೆ ಹೊಳೆದಿರಲಿಲ್ಲ.

ಮನೆಗೆ ಬಂದು ಟಿವಿ ಬಂದಿದ್ದ ರಟ್ಟಿನ ಮೇಲೆ ಊಟದ ತಟ್ಟೆ ಇಟ್ಟು ಗೆರೆ ಎಳೆದೆ. ಕಯೋಟಿ ಚಳಿಗಾಲದಲ್ಲಿ ದಪ್ಪ ಕಾಣುವುದು ಬರೀ ಕೂದಲಿಗೆ. ಗುಂಡು ಬೀಳಬೇಕಾದ ಎದೆಯ ಜಾಗ ಆ ತಟ್ಟೆಯಷ್ಟೇ. ಶೂಟಿಂಗ್ ರೇಂಜಿನಲ್ಲಿ 40 ಗಜದಿಂದ ಹೊಡೆದರೆ ಒಂಬತ್ತರಲ್ಲಿ ಗೆರೆಯೊಳಗೆ ಬಿದ್ದಿದ್ದು ಎರಡು. ಇನ್ನೊಂದು ಹೊಡೆದೆ, ಒಂದೇ. ಕೋವಿಯೇ ಸರಿ ಇಲ್ಲ ಅಂದುಕೊಂಡು ಚೋಕ್ ಬಿಚ್ಚಿ ನೋಡಿದೆ, ಗುಂಡು ಎಷ್ಟು ಹರಡಬೇಕು ಅಂತ ತೀರ್ಮಾನಿಸೋ ನಳಿಗೆಯ ಬಾಯಿ ಅದು. ಅಂಚಿನಲ್ಲಿ ನಾಲ್ಕು ಗೀರು. ಅಂದರೆ ಇಂಪ್ರೂವ್ಡ್ ಸಿಲಿಂಡರ್, ಚರೆ ಹರಡೋ ಬಾಯಿ. ಸೆಪ್ಟೆಂಬರ್‌ನಲ್ಲಿ ಬೆಳವಕ್ಕಿ ಹೊಡೆಯೋಕೆ ಹಾಕಿದ್ದು, ಹಾಗೇ ಬಿಟ್ಟಿದ್ದೆ. ಗುಂಡು ಒತ್ತಾಗಿ ಬೀಳಿಸೋ ಒಂದು ಗೀರಿನ ಫುಲ್ ಚೋಕ್ ಬ್ಯಾಗಲ್ಲೇ ಇತ್ತು!

ಫುಲ್ ಹಾಕಿ, ನಂಬರ್ 4 ಬಕ್ ತಂದು ನೋಡಿದೆ. ಗುಂಡು 0.24 ಇಂಚು, ತೋಟಾಕ್ಕೆ 27. 40 ಗಜಕ್ಕೆ ತಟ್ಟೆಯೊಳಗೆ ಹತ್ತು, 50ಕ್ಕೆ ನಾಲ್ಕು. ಅಲ್ಲಿಗೆ ನನ್ನ ಕೋವಿಗೆ 40 ಗಜವೇ ಕೊನೆ. ನಿಮ್ಮದು ಬೇರೆ ಇರಬಹುದು, ಒಂದೇ ಡಬ್ಬಿಯ ತೋಟಾ ಎರಡು ಕೋವಿಯಲ್ಲಿ ಎರಡು ಥರ ಬೀಳುತ್ತದೆ. ಅಂಗಡಿಯವರ ಮಾತು, ಡಬ್ಬಿ ಮೇಲಿನ ಚಿತ್ರ ಯಾವುದನ್ನೂ ನಂಬಬೇಡಿ. ಬೆಳವಕ್ಕಿಯ ಸಣ್ಣ ಚರೆ ಉಳಿದಿದೆ ಅಂತ ಅದನ್ನಂತೂ ಹಾಕಲೇಬೇಡಿ, ಚರ್ಮಕ್ಕೆ ಗಾಯ ಆಗುತ್ತೆ ಅಷ್ಟೇ.

ಈಗ ಹಗಲಲ್ಲೇ ಹೋಗಿ 35 ಗಜಕ್ಕೆ ಕಾಲರ್ ಇಡುವ ಜಾಗ ಅಳೆದು ಗೂಟ ಹೊಡೆದು, ಅದಕ್ಕೆ ರೇಡಿಯಂ ಟೇಪ್ ಸುತ್ತಿ ಬರುತ್ತೇನೆ. ಗೂಟದ ಹಿಂದೆ ದಿಬ್ಬ ಇರಲೇಬೇಕು. ಕಣ್ಣು ಟೇಪಿನ ಆಚೆ ಹೊಳೆದರೆ ಟ್ರಿಗರ್ ಮೇಲೆ ಬೆರಳಿಲ್ಲ. ಹೋದ ವಾರ ಎರಡು ಬಂದವು, ಎರಡೂ ಆಚೆಯೇ ಗಾಳಿ ಹಿಡಿದು ಸುತ್ತು ಹಾಕಿ ಹೋದವು. ಹಿರಿಯರು ಗೊಣಗಿದರು. ಶೆಡ್ಡಿನವರಿಗೆ ತಗಡಿನ ದುಡ್ಡು ಕೊಟ್ಟಿದ್ದು ನಾನು ತಾನೇ, ಅವರು ಗೊಣಗಲಿ ಬಿಡಿ.