ಟೂರ್ನಿಗೆ ಮುನ್ನ: ಎಂಟು ವಾರದ ತಯಾರಿಯೋ, ಮೂರು ವಾರದ ಕ್ಯಾಂಪೋ?

ದೇಶಗಳ ತಂಡಗಳು ಸೆಣಸುವ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ನಡೆಯುವುದು ಮಾರ್ಚ್‌ನಲ್ಲಿ, ಅಮೆರಿಕದ ಲೀಗ್ ಶುರುವಾಗುವ ಮುಂಚೆ. ಆಗಿನ್ನೂ ಪಿಚರ್‌ಗಳ (ಬ್ಯಾಟರ್‌ಗೆ ಚೆಂಡು ಎಸೆಯುವವರ) ತೋಳು ಪೂರ್ತಿ ಹದಕ್ಕೆ ಬಂದಿರುವುದಿಲ್ಲ. ಅದಕ್ಕೇ 2023ರಲ್ಲಿ ಒಬ್ಬ ಪಿಚರ್‌ಗೆ ಪಂದ್ಯವೊಂದರಲ್ಲಿ ಮೊದಲ ಸುತ್ತಿಗೆ 65, ಕ್ವಾರ್ಟರ್‌ಫೈನಲ್‌ಗೆ 80, ಮುಂದಕ್ಕೆ 95 ಎಸೆತಗಳ ಮಿತಿ. 50 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ.

ಟೂರ್ನಿಗೆ ಹೊರಡುವ ಬೆಂಗಳೂರಿನ ಪಿಚರ್ ಕೂಡ ಎಂಟು ವಾರದ ತಯಾರಿಯನ್ನೇ ಆರಿಸಿಕೊಳ್ಳಲಿ. ಮೂರು ವಾರ ಬರೀ ದೂರ ಎಸೆತ. ನಾಲ್ಕನೆಯ ವಾರ ದಿಬ್ಬದಿಂದ (ಪಿಚರ್ ನಿಂತು ಎಸೆಯುವ ಎತ್ತರದ ಜಾಗದಿಂದ) 25 ಎಸೆತ, ಆಮೇಲೆ ವಾರವಾರಕ್ಕೆ 40, 50, 65. ಕೊನೆಯ ವಾರ ಅರ್ಧಕ್ಕೆ ಇಳಿಸಿ. ಇದನ್ನೇ ಮೂರು ವಾರಕ್ಕೆ ತುರುಕಿದರೆ ಮೊದಲು ನೋಯುವುದು ಮೊಣಕೈಯ ಒಳಬದಿ: ಸ್ನಾಯು ದಣಿದಷ್ಟೂ ಒತ್ತಡ ಅಲ್ಲಿನ ಅಸ್ಥಿರಜ್ಜಿನ ಮೇಲೆ ಬೀಳುತ್ತದೆ. ಕ್ರಿಕೆಟ್ ಮೈದಾನದ ಸಮತಟ್ಟು ನೆಲದಲ್ಲಿ ಎಸೆದದ್ದು ದಿಬ್ಬದ ಎಸೆತದ ಲೆಕ್ಕಕ್ಕೆ ಬರುವುದಿಲ್ಲ. 10 ಇಂಚಿನ ದಿಬ್ಬದ ಇಳಿಜಾರಿನಲ್ಲಿ ಹೆಜ್ಜೆ ಬೀಳುವ ಹೊತ್ತೇ ಬೇರೆ.

ಬ್ಯಾಟರ್‌ಗೆ ಮೂರು ವಾರ ಸಾಕು, ಯಂತ್ರದೆದುರಲ್ಲ, ನಿಜವಾದ ಪಿಚರ್ ಎದುರು ಆಡುವುದಾದರೆ.

ಅಂದಹಾಗೆ, ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳು, ಕರ್ವ್‌ಬಾಲ್ (ಗಾಳಿಯಲ್ಲೇ ಬಾಗಿ ಇಳಿಯುವ ಎಸೆತ) ತುಸು ಕಡಿಮೆ ಬಾಗುತ್ತದೆ. ಟೂರ್ನಿ ಕರಾವಳಿಯಲ್ಲಿದ್ದರೆ ನಾಲ್ಕೈದು ದಿನ ಮೊದಲೇ ಹೋಗಿ ಎಸೆದು ನೋಡಿ.