ಆರು ವರ್ಷ ರೇಕ್‌ಬ್ಯಾಕ್ ತಗೊಂಡ ಮೇಲೆ: ತಿಪಟೂರಿನಿಂದ ಒಂದು ವಿಮರ್ಶೆ

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. 2019ರಿಂದ 2025ರ ಆಗಸ್ಟ್‌ವರೆಗೆ ಆನ್‌ಲೈನ್ ಪೋಕರ್ ಆಡಿದ್ದೆ. ಎರಡು ಸೈಟ್, ಇಬ್ಬರು ಏಜೆಂಟರು. ಆ ಏಜೆಂಟರು ಕೊಡುತ್ತಿದ್ದ ರೇಕ್‌ಬ್ಯಾಕ್ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ದುಡ್ಡಿನ ಆಟ ಈಗ ಕಾನೂನಿನಿಂದ ನಿಂತಿದೆ. ಹಾಗಾಗಿ ಯಾರನ್ನೂ ಸೇರಿಸಲು ಬರೆದದ್ದಲ್ಲ ಇದು. ಆರು ವರ್ಷದ ಲೆಕ್ಕ ನನ್ನ ನೋಟ್‌ಬುಕ್‌ನಲ್ಲಿದೆ, ಅದನ್ನು ಹೇಳಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಮಂಡಿ ಭಾಷೆಯಲ್ಲೇ ಹೇಳುತ್ತೇನೆ. ಒಂದು ಸುತ್ತಿನ ಆಟದಲ್ಲಿ ಎಲ್ಲರೂ ಹಾಕಿದ ಒಟ್ಟು ಹಣವೇ ಪಾಟ್. ಪ್ರತಿ ಪಾಟ್‌ನಿಂದ ಸೈಟ್ ತನ್ನ ಪಾಲು ಮುರಿದುಕೊಳ್ಳುತ್ತದೆ. ಅದೇ ರೇಕ್. ನಾನು ಕೂರುತ್ತಿದ್ದ ಟೇಬಲ್‌ಗಳಲ್ಲಿ ಅದು ಶೇ 5. ಸಾವಿರ ರೂಪಾಯಿ ಪಾಟ್ ಗೆದ್ದರೆ ಕೈಗೆ ಬರುವುದು 950. ಏಜೆಂಟ್ ಅಂದರೆ ಗಿರಾಕಿ ಕರೆತರುವ ದಲ್ಲಾಳಿ. ಅವನ ಲಿಂಕ್‌ನಿಂದ ಸೇರಿದವರು ಕಟ್ಟುವ ರೇಕ್‌ನಲ್ಲಿ ಸೈಟ್ ಅವನಿಗೆ ಪಾಲು ಕೊಡುತ್ತದೆ, ಅವರು ಆಡುವಷ್ಟು ಕಾಲವೂ ಕೊಡುತ್ತದೆ. ಆ ಪಾಲಿನಲ್ಲಿ ಅವನು ಆಟಗಾರನಿಗೆ ಬಿಟ್ಟುಕೊಡುವುದೇ ರೇಕ್‌ಬ್ಯಾಕ್. ನಮ್ಮಲ್ಲೂ ದೊಡ್ಡ ಖರೀದಿದಾರ ಪಕ್ಕದ ಮಂಡಿಗೆ ಹೋಗದಿರಲಿ ಅಂತ ದಲ್ಲಾಳಿ ತನ್ನ ಕಮಿಷನ್‌ನಲ್ಲಿ ಸ್ವಲ್ಪ ಬಿಡುವುದುಂಟು.

ಮೊದಲನೇ ಏಜೆಂಟ್ "ಶೇ 40 ಕೊಡ್ತೀನಿ ಸರ್, ಇಷ್ಟು ಬೇರೆ ಯಾರೂ ಕೊಡಲ್ಲ" ಅಂದ. ಸೇರಿದೆ. ಐದಾರು ತಿಂಗಳು ಸರಿಯಾಗಿತ್ತು. ಒಂದು ತಿಂಗಳು ನಾನು ಕಟ್ಟಿದ ರೇಕ್ 9,000. ಅದರ ಶೇ 40 ಅಂದರೆ 3,600 ಬರಬೇಕು, ಬಂದದ್ದು 2,400. ಕೇಳಿದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಸೈಟ್ ನನಗೆ ಕೊಟ್ಟಿದ್ದ 3,000 ರೂಪಾಯಿ ಬೋನಸನ್ನು ಮೊದಲು ಕಳೆದು, ಉಳಿದ 6,000ಕ್ಕೆ ಶೇ 40 ಹಾಕಿದ್ದರು. ಲೆಕ್ಕವೇನೋ ಸರಿ. ಆದರೆ ಸೇರುವಾಗ ಇದನ್ನು ಹೇಳಿರಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಶೇ 27ಕ್ಕಿಂತ ಕಡಿಮೆ.

ಇನ್ನೊಂದು ಪೆಟ್ಟು ಇದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಮೊದಲು ಒಂದು ಕೈಯ, ಅಂದರೆ ಒಂದು ಸುತ್ತಿನ ಆಟದ, ರೇಕನ್ನು ಟೇಬಲ್‌ನಲ್ಲಿ ಎಲೆ ಪಡೆದ ಎಲ್ಲರ ಹೆಸರಿಗೂ ಸಮವಾಗಿ ಹಂಚುತ್ತಿದ್ದರು. ಆಮೇಲೆ ಪಾಟ್‌ಗೆ ಯಾರು ಎಷ್ಟು ಹಾಕಿದರೋ ಅಷ್ಟೇ ಅವರ ಹೆಸರಿಗೆ ಅಂತ ಬದಲಾಯಿಸಿದರು. ನಾನು ಹತ್ತು ಕೈಯಲ್ಲಿ ಎಂಟು ಬಿಟ್ಟು ಕೂರುವವನು. ಆಟ ಅಷ್ಟೇ ಆಡಿದರೂ ರೇಕ್‌ಬ್ಯಾಕ್ ಮೂರರಲ್ಲಿ ಒಂದು ಭಾಗ ಇಳಿಯಿತು. ಈ ಬದಲಾವಣೆ ತಪ್ಪು ಅನ್ನಲ್ಲ, ಅದೇ ಹೆಚ್ಚು ನ್ಯಾಯ ಅಂತಲೂ ವಾದಿಸಬಹುದು. ಆದರೆ ಏಜೆಂಟ್ ಒಂದು ಮಾತು ಹೇಳಲಿಲ್ಲ. ಬೇರೆ ಏಜೆಂಟ್ ಹತ್ತಿರ ಹೋಗೋಣ ಅಂದರೆ ಅದಕ್ಕೂ ದಾರಿಯಿಲ್ಲ. ಖಾತೆ ತೆರೆದ ದಿನವೇ ಅವನ ಕೋಡ್ ಅಂಟಿರುತ್ತದೆ, ಎರಡನೇ ಖಾತೆ ತೆರೆದರೆ ಸೈಟ್ ಎರಡನ್ನೂ ಮುಚ್ಚುತ್ತದೆ. ಹೊರಗಿನಿಂದ ನೋಡಿದವರಿಗೆ ನಾನು ಎರಡು ವರ್ಷದ ನಂಬಿಗಸ್ತ ಗಿರಾಕಿ. ನಿಜಕ್ಕೂ ಹಗ್ಗ ಹಾಕಿ ಕಟ್ಟಿದ್ದರು.

2021ರ ಅಕ್ಟೋಬರ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಬಂತು. ಸೈಟ್‌ಗಳು ನಮ್ಮ ರಾಜ್ಯಕ್ಕೆ ಬಾಗಿಲು ಹಾಕಿದವು. ಆಗ ಅದೇ ಏಜೆಂಟ್ "ಬೇರೆ ರಾಜ್ಯದಲ್ಲಿರೋ ಹಾಗೆ ತೋರಿಸೋ ಆ್ಯಪ್ ಹಾಕ್ಕೊಳ್ಳಿ ಸರ್" ಅಂದ. ಸಿಕ್ಕಿಬಿದ್ದರೆ ಮುಳುಗುವುದು ನನ್ನ ದುಡ್ಡು, ಅವನದ್ದಲ್ಲ. ಇದ್ದಷ್ಟನ್ನು ಬ್ಯಾಂಕಿಗೆ ತೆಗೆದುಕೊಂಡು ಸುಮ್ಮನಾದೆ. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗ ರದ್ದು ಮಾಡಿತು.

ಎರಡನೇ ಏಜೆಂಟ್ ಸಿಕ್ಕಿದ್ದು ತುಮಕೂರಿನ ಬಟವಾಡಿಯಲ್ಲಿರುವ ಸ್ನೇಹಿತನ ಮೂಲಕ. ಬೆಂಗಳೂರಿನ ಹುಡುಗ. ಶೇ 30 ಅಂದ, ಬೋನಸ್ ಕಳೆಯಲ್ಲ ಅಂದ. ಪ್ರತಿ ಮಂಗಳವಾರ ದುಡ್ಡಿನ ಜೊತೆ ಒಂದು ಶೀಟ್ ಬರುತ್ತಿತ್ತು. ಎಷ್ಟು ಕೈ, ಎಷ್ಟು ರೇಕ್, ನನಗೆಷ್ಟು, ಅವನಿಗೆಷ್ಟು. ತನ್ನ ಪಾಲನ್ನೂ ತೋರಿಸುವ ದಲ್ಲಾಳಿಯನ್ನು ಮಂಡಿಯಲ್ಲೂ ನಾನು ಕಂಡಿದ್ದು ಕಡಿಮೆ. ಅದೇ ಹೊತ್ತಿಗೆ ಬೇರೆ ಸೈಟ್‌ನವರು ಶೇ 50 ಅಂತ ಕೂಗುತ್ತಿದ್ದರು. ಜೊತೆಗಾರರು ಮೂವರು ಹೋದರು. ಐದು ತಿಂಗಳಿಗೆ ಇನ್ನೊಂದು ಕಡೆ ಶೇ 55 ಸಿಕ್ಕಿತು, ಅಲ್ಲಿಗೂ ಹೋದರು. ದರಕ್ಕೆ ಬಂದವರು ದರಕ್ಕೇ ಹೋಗುತ್ತಾರೆ ಅಲ್ವಾ? ಅಷ್ಟು ಬಿಟ್ಟುಕೊಟ್ಟ ಏಜೆಂಟ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೆಸೇಜ್‌ಗೆ ಉತ್ತರ ಕೊಡಲೂ ಅವನಿಗೆ ಪುರಸೊತ್ತಿರಲ್ಲ.

2022ರ ನನ್ನ ಲೆಕ್ಕ: ಕಟ್ಟಿದ ರೇಕ್ 1,12,000. ವಾಪಸ್ ಬಂದದ್ದು 33,600. ಟೇಬಲ್‌ನಲ್ಲಿ ಸೋತದ್ದು 21,000. ಅಂದರೆ ತೆರಿಗೆಗೆ ಮುಂಚೆ ಉಳಿದದ್ದು 12,600. ಅಷ್ಟು ತಿಂಗಳು ರಾತ್ರಿ ಕೂತದ್ದಕ್ಕೆ ಇದು ಕೂಲಿಯೂ ಅಲ್ಲ. ರೇಕ್‌ಬ್ಯಾಕ್ ಇಲ್ಲದಿದ್ದರೆ ನಾನು ಸೋತವನೇ.

ಸೈಟ್‌ನ ಲೆವೆಲ್ ವ್ಯವಸ್ಥೆ ಮಾತ್ರ ನನಗೆ ಆಗಲೇ ಇಲ್ಲ. ತಿಂಗಳ ಕೊನೆಯೊಳಗೆ ಇಷ್ಟು ಪಾಯಿಂಟ್ ಆದರೆ 1,500 ರೂಪಾಯಿ. ಒಂದು 30ನೇ ತಾರೀಕು ಅದಕ್ಕಾಗಿ ಬೆಳಗಿನ ಜಾವ ಮೂರು ಗಂಟೆವರೆಗೆ ಆಡಿ 6,000 ಕಳೆದೆ. ಲೆವೆಲ್ ಬಂತು. ಬೆಳಿಗ್ಗೆ ಮಂಡಿಯಲ್ಲಿ ತೂಕದ ಚೀಟಿ ಎರಡು ಸಲ ತಪ್ಪು ಬರೆದೆ. ಇಂಥ ಮೆಟ್ಟಿಲು ಸೈಟ್‌ನವರ ಕೈಯಲ್ಲೇ ಇರುತ್ತದೆ, ಬೇಕಾದಾಗ ತೆಗೆಯುತ್ತಾರೆ. ಪೋಕರ್‌ಸ್ಟಾರ್ಸ್ ಅನ್ನುವ ದೊಡ್ಡ ಪೋಕರ್ ಸೈಟ್ ಸೂಪರ್‌ನೋವಾ ಎಲೀಟ್ ಅನ್ನುವ ತನ್ನ ಅತಿ ಮೇಲಿನ ಲೆವೆಲ್‌ನ ಆಟಗಾರರಿಗೆ ಹಾಗೇ ಮಾಡಿತ್ತು. 2015 ಪೂರ್ತಿ ಆಡಿ ಆ ಹಂತ ಮುಟ್ಟಿದವರಿಗೆ 2016ರ ಸವಲತ್ತು ಕತ್ತರಿಸುವುದಾಗಿ ವರ್ಷದ ಕೊನೆಯಲ್ಲಿ ಹೇಳಿತು. ಆಟಗಾರರು ಟೇಬಲ್ ಬಿಟ್ಟು ಪ್ರತಿಭಟಿಸಿದರು.

2023ರ ಅಕ್ಟೋಬರ್ 1ರಿಂದ ಸೈಟ್‌ನ ಖಾತೆಗೆ ಹಾಕುವ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. 10,000 ಹಾಕಿದರೆ ಸುಮಾರು 2,188 ತೆರಿಗೆ. ನಮ್ಮ ಸೈಟ್ ಅದನ್ನು ಬೋನಸ್ ರೂಪದಲ್ಲಿ ತುಂಬಿಕೊಟ್ಟಿತು, ಏಜೆಂಟರ ಪಾಲು ಇಳಿಸಿತು. ಹುಡುಗ ಹತ್ತು ದಿನ ಮುಂಚೆಯೇ ಫೋನ್ ಮಾಡಿದ. "ಅಣ್ಣ, 30 ಇನ್ನು ಆಗಲ್ಲ, 18 ಕೊಡಬಲ್ಲೆ" ಅಂದ. ಹೊಸ ಶೀಟ್ ಕಳಿಸಿದ. ನಾನು ಉಳಿದೆ.

ಆ ಹುಡುಗನಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆಯುವುದು ಆ ಬಟವಾಡಿ ಸ್ನೇಹಿತನಿಗಾಗಿ. ಅವನು ಪ್ರತಿ ತಿಂಗಳೂ ಸೋಲುತ್ತಿದ್ದ. ಮಂಗಳವಾರ ಬಂದ ರೇಕ್‌ಬ್ಯಾಕನ್ನು ಅದೇ ರಾತ್ರಿ ಟೇಬಲ್‌ಗೆ ಹಾಕುತ್ತಿದ್ದ, "ಬಂದ ದುಡ್ಡು ತಾನೇ" ಅನ್ನುತ್ತಿದ್ದ. ಅವನ ಶೀಟ್ ಏಜೆಂಟ್‌ಗೆ ವಾರವಾರವೂ ಕಾಣುತ್ತಿತ್ತು. ಆಟಗಾರ ಗೆದ್ದರೂ ಸೋತರೂ ಏಜೆಂಟ್‌ಗೆ ರೇಕ್‌ನ ಪಾಲು ಬರುತ್ತದೆ. ಒಂದು ಸಲವೂ "ಸ್ವಲ್ಪ ನಿಲ್ಲಿಸಿ" ಅನ್ನಲಿಲ್ಲ. ಆ ಸ್ನೇಹಿತನ ಹೆಂಡತಿ ಬಳೆ ಅಡವಿಟ್ಟದ್ದು ನನಗೇ ತಡವಾಗಿ ಗೊತ್ತಾಯಿತು. ನಾನೂ ಕೇಳಬೇಕಿತ್ತು.

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸೈಟ್ ದುಡ್ಡಿನ ಟೇಬಲ್ ನಿಲ್ಲಿಸಿತು. ನನ್ನ ಹಣ ವಾರದೊಳಗೆ ಬ್ಯಾಂಕಿಗೆ ಬಂತು. ಆ ಕೊನೇ ವಾರದ ರೇಕ್‌ಬ್ಯಾಕ್ 640 ರೂಪಾಯಿ ಆಗಿತ್ತು. ನಾನು ಮರೆತೇಬಿಟ್ಟಿದ್ದೆ. ಮಂಗಳವಾರ ಹುಡುಗ ಯುಪಿಐ ಮಾಡಿ, ಎಂದಿನಂತೆ ಶೀಟ್ ಕಳಿಸಿದ. ಅವನ ಪಾಲಿನ ಜಾಗದಲ್ಲಿ ಸೊನ್ನೆ ಇತ್ತು.

ಈಗ ಗೊತ್ತಿಲ್ಲದ ನಂಬರ್‌ಗಳಿಂದ ಮೆಸೇಜ್ ಬರುತ್ತದೆ. ಹೊರದೇಶದ ಸೈಟ್, ಶೇ 60 ರೇಕ್‌ಬ್ಯಾಕ್ ಅಂತೆ. ಇಂಥ ಆಟಕ್ಕೆ ಪ್ರಚಾರ ಮಾಡುವುದೂ ಈಗ ಅಪರಾಧ, ಎರಡು ವರ್ಷದವರೆಗೆ ಜೈಲು ಇದೆ. ಬ್ಯಾಂಕ್‌ಗಳು ಆ ವಹಿವಾಟು ನಡೆಸುವಂತಿಲ್ಲ. ನಾಳೆ ದುಡ್ಡು ಸಿಕ್ಕಿಕೊಂಡರೆ ಯಾರ ಹತ್ತಿರ ಕೇಳುವುದು? ನಂಬರ್ ಬ್ಲಾಕ್ ಮಾಡುತ್ತೇನೆ. ಬಟವಾಡಿ ಸ್ನೇಹಿತನಿಗೂ ಅದೇ ಮೆಸೇಜ್ ಬಂದಿತ್ತು. ಕಳೆದ ಭಾನುವಾರ ಅವನ ಮನೆಗೆ ಹೋಗಿ, ಅವನ ಕೈಯಲ್ಲೇ ಬ್ಲಾಕ್ ಮಾಡಿಸಿ ಬಂದೆ.